ಪ್ರಕರಣ ಅಧ್ಯಯನ: ಮೂರು ವಾರ ಸ್ಟಾರ್ಟ್ ಆಗದ ಎ.ಸಿ., ಸಿದ್ದಾಪುರ ಕಡೆಯ ಒಂದು ತೋಟದ ಮನೆ

ಕೊಡಗಿನಲ್ಲಿ ಎ.ಸಿ. ಕೆಲಸ ಮಾಡುತ್ತೇನೆ ಅಂದರೆ ಹೊರಗಿನವರು ನಂಬುವುದಿಲ್ಲ. ಅವರಿಗೆ ಕೊಡಗು ಅಂದರೆ ಮಡಿಕೇರಿಯ ಮಂಜು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿ ಫ್ಯಾನ್ ಕೂಡ ಇಲ್ಲದ ಮನೆಗಳಿವೆ, ನಿಜ. ಆದರೆ ಕುಶಾಲನಗರ, ಸಿದ್ದಾಪುರ, ಗೋಣಿಕೊಪ್ಪದ ಕಡೆ ಮಾರ್ಚ್ ತಿಂಗಳ ಮಧ್ಯಾಹ್ನ ಒಂದು ಗಂಟೆ ಕೂತು ನೋಡಿ. ರೊಬಸ್ಟಾ ಕಾಫಿ ಬೆಳೆಯುವ ಜಾಗ, ಸೆಕೆ ಇದ್ದೇ ಇರುತ್ತದೆ. ಹಾಗಾಗಿ ಹೋಂಸ್ಟೇಗಳಲ್ಲಿ, ವಯಸ್ಸಾದವರು ಇರುವ ಮನೆಗಳಲ್ಲಿ ಒಂದೊಂದು ಎ.ಸಿ. ಬಂದಿದೆ. ವರ್ಷಕ್ಕೆ ಮೂರು ತಿಂಗಳು ಓಡುತ್ತದೆ, ಉಳಿದ ಒಂಬತ್ತು ತಿಂಗಳು ಮಳೆ, ಚಳಿ, ತೇವದಲ್ಲಿ ಸುಮ್ನೆ ಕೂತಿರುತ್ತದೆ.

ಈ ಪ್ರಕರಣ ಅಂಥ ಒಂದು ಮನೆಯದು. ಮನೆಯವರ ಹೆಸರು, ಊರು, ನನಗಿಂತ ಮೊದಲು ಬಂದ ಮೆಕ್ಯಾನಿಕ್‌ಗಳು ಯಾರು ಅನ್ನುವುದು ಇಲ್ಲಿ ಬೇಡ. ಬರೆಯುವ ಕಾರಣ ಒಂದೇ. ಈ ಮನೆಯಲ್ಲಿ ಕೆಡದೇ ಇದ್ದ ಕಂಪ್ರೆಸರ್‌ಗೆ (ಹೊರಗಿನ ಯೂನಿಟ್‌ನಲ್ಲಿ ಗ್ಯಾಸ್ ಒತ್ತುವ ಮೋಟರ್) 16 ಸಾವಿರ ಖರ್ಚು ಮಾಡಲು ಇನ್ನೊಂದೇ ದಿನ ಬಾಕಿ ಇತ್ತು. ಅದಕ್ಕಿಂತ ಮುಖ್ಯ, ನಿಜವಾಗಿ ಕೆಟ್ಟಿದ್ದ ಜಾಗದಲ್ಲಿ ಬೆಂಕಿ ಹತ್ತುವ ಸಾಧ್ಯತೆ ಇತ್ತು, ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮನೆ ಮತ್ತು ಮೆಷಿನ್

ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ, ಅವರ ಮಗ, ಸೊಸೆ. ಮಗ ಕೆಲಸದ ಮೇಲೆ ಹೆಚ್ಚಾಗಿ ಮೈಸೂರಿನಲ್ಲಿ. ತೋಟದ ಲೆಕ್ಕ ನೋಡುವ ರೈಟ್ರು ದಿನವೂ ಬರುತ್ತಾರೆ. ಅಜ್ಜನಿಗೆ ಹೃದಯದ ತೊಂದರೆ, ಸೆಕೆ ಆದರೆ ರಾತ್ರಿ ನಿದ್ದೆ ಇಲ್ಲ. ಅವರ ಕೋಣೆಗೆ ಆರು ವರ್ಷದ ಹಿಂದೆ ಒಂದೂವರೆ ಟನ್ನಿನ ಸ್ಪ್ಲಿಟ್ ಎ.ಸಿ. ಹಾಕಿಸಿದ್ದರು. ಇನ್ವರ್ಟರ್ ಅಲ್ಲ, ಹಳೆಯ ಕ್ರಮದ ಮೆಷಿನ್. ಅಂದರೆ ಕಂಪ್ರೆಸರ್ ಒಂದೇ ಸಲಕ್ಕೆ ಪೂರ್ತಿ ವೇಗಕ್ಕೆ ಏಳಬೇಕು. ಹಾಗೆ ಏಳುವಾಗ ಒಂದು ಕ್ಷಣ ಓಡುವ ಕರೆಂಟಿನ ನಾಲ್ಕೈದು ಪಟ್ಟು ಎಳೆಯುತ್ತದೆ. ಇದು ಮುಂದೆ ಬೇಕಾಗುವ ಮಾತು, ನೆನಪಿಡಿ.

ಎ.ಸಿ.ಗೆ ಸ್ಟೆಬಿಲೈಜರ್ ಇತ್ತು, 170 ವೋಲ್ಟಿಗಿಂತ ಕೆಳಗೆ ಹೋದರೆ ಕಟ್ ಮಾಡುವಂಥದ್ದು. ತೋಟದ ಮನೆ ಆದ್ದರಿಂದ ಶೆಡ್ಡಿನಲ್ಲಿ ಏಳೂವರೆ ಕೆ.ವಿ.ಎ. ಡೀಸೆಲ್ ಜನರೇಟರ್. ಕರೆಂಟ್‌ನಿಂದ ಜನರೇಟರಿಗೆ ಬದಲಿಸುವ ಚೇಂಜ್ ಓವರ್ ಸ್ವಿಚ್ ಹೊರಗಿನ ಜಗಲಿಯ ಗೋಡೆಯಲ್ಲಿ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವುದು ನಮ್ಮಲ್ಲಿ ಹೊಸದೇನಲ್ಲ, ಕಕ್ಕಡದ ತಿಂಗಳಲ್ಲಿ (ಜುಲೈ, ಆಗಸ್ಟ್ ಹೊತ್ತಿಗೆ) ಆ ಸ್ವಿಚ್ಚಿನ ಹಿಡಿಯನ್ನು ದಿನಕ್ಕೆ ನಾಲ್ಕು ಸಲ ಆ ಕಡೆ ಈ ಕಡೆ ತಿರುಗಿಸಿದ್ದೂ ಇದೆ.

ನಾನು ಹೋಗುವ ಮೊದಲು

ಮಾರ್ಚ್ ಮೊದಲ ವಾರ ಆ ವರ್ಷದಲ್ಲಿ ಮೊದಲ ಸಲ ಎ.ಸಿ. ಹಾಕಿದರು. ಏನೂ ಆಗಲಿಲ್ಲ. ರಿಮೋಟಿನ ಸೆಲ್ ಸೋರಿ ಒಳಗೆ ಹಸಿರು ಕಟ್ಟಿತ್ತು, ಅದನ್ನು ಸೊಸೆಯೇ ಉಜ್ಜಿ ಹೊಸ ಸೆಲ್ ಹಾಕಿದರು. ಫೋನಿನ ಕ್ಯಾಮೆರಾ ಎದುರು ರಿಮೋಟ್ ಒತ್ತಿದರೆ ತುದಿಯ ಬಲ್ಬ್ ಮಿನುಗುವುದು ಕಾಣುತ್ತದೆ, ಅದನ್ನೂ ನೋಡಿದ್ದರು. ಆಗ ಒಳಗಿನ ಯೂನಿಟ್ ಎದ್ದಿತು, ಗಾಳಿ ಬಂತು, ತಂಪು ಮಾತ್ರ ಇಲ್ಲ. ಮೂರು ನಿಮಿಷ ಆದ ಮೇಲೆ ಹೊರಗಿನ ಯೂನಿಟ್ ಟಕ್ ಅಂದು, ನಾಲ್ಕೈದು ಸೆಕೆಂಡು ಗುಂಯ್ ಅಂದು, ಅಷ್ಟರಲ್ಲಿ ಸ್ಟೆಬಿಲೈಜರ್ ಕಟ್.

ಎ.ಸಿ. ಸ್ಟಾರ್ಟ್ ಆಗಲ್ಲ ಅಂತ ಫೋನ್ ಬಂದರೆ ಮೂರು ಬೇರೆ ಬೇರೆ ಕಾಯಿಲೆ ಇರಬಹುದು. ಒಂದು, ದೀಪವೂ ಬರದ ಸ್ಥಿತಿ. ಇನ್ನೊಂದು, ದೀಪ ಬಂದು ಗಾಳಿ ಬಂದು ಹೊರಗಿನ ಯೂನಿಟ್ ಸದ್ದೇ ಮಾಡದ ಸ್ಥಿತಿ. ಮತ್ತೊಂದು, ಹೊರಗಿನದು ಏಳಲು ನೋಡಿ ಏಳಲಾಗದೆ ಕೂತುಬಿಡುವುದು. ಇಲ್ಲಿದ್ದದ್ದು ಮೂರನೆಯದು. ಕಂಪ್ರೆಸರ್ ತನಕ ಕರೆಂಟ್ ಹೋಗುತ್ತಿದೆ, ರಿಮೋಟ್, ಪಿಸಿಬಿ (ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್), ಸೆನ್ಸರ್ ಎಲ್ಲ ತಮ್ಮ ಕೆಲಸ ಮಾಡಿವೆ ಅಂತ ಅರ್ಥ. ಆಮೇಲೆ ಉಳಿಯುವುದು ಕೆಪಾಸಿಟರ್ (ಮೋಟರ್ ಏಳಲು ನೆರವಾಗುವ ಭಾಗ), ಕಂಪ್ರೆಸರ್, ಕರೆಂಟಿನ ಬಲ ಈ ಮೂರೇ.

ಮೊದಲ ಮೆಕ್ಯಾನಿಕ್ ಸರಿಯಾಗಿಯೇ ಯೋಚಿಸಿದ್ದ. ಕೆಪಾಸಿಟರ್ ಅಳೆದ. ಮೇಲೆ 45 ಮೈಕ್ರೋಫ್ಯಾರಡ್ ಅಂತ ಬರೆದಿದೆ, ಸಿಕ್ಕಿದ್ದು 38. ಬದಲಿಸಿದ. ಎ.ಸಿ. ಎದ್ದಿತು, ಎರಡು ರಾತ್ರಿ ಚೆನ್ನಾಗಿ ಓಡಿತು. ಮೂರನೆಯ ರಾತ್ರಿ ಮತ್ತೆ ಅದೇ ಗುಂಯ್. ಆತನನ್ನು ಮತ್ತೆ ಕರೆದಾಗ ಕೆಲಸದ ಒತ್ತಡದಲ್ಲಿ ಬರಲಾಗಲಿಲ್ಲ.

ಎರಡನೆಯವನು ಬಂದು ಸ್ಟೆಬಿಲೈಜರ್ ಮೇಲೆ ಅನುಮಾನ ಪಟ್ಟು ಅದನ್ನು ತಪ್ಪಿಸಿ ನೇರ ಕರೆಂಟ್ ಕೊಟ್ಟ. ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಕಂಪ್ರೆಸರ್ ಗುಂಯ್ ಅನ್ನುತ್ತಲೇ ಇತ್ತು, ಒಳಗಿನ ಓವರ್‌ಲೋಡ್ ಸ್ವಿಚ್ ಬಿಸಿಯಾಗಿ ತಾನೇ ಕಟ್ ಆಯಿತು, ಇಪ್ಪತ್ತು ನಿಮಿಷ ಕಾದು ಮತ್ತೆ ಅದೇ. ಹೊಸ ಕೆಪಾಸಿಟರ್ ಇದೆ, ಕರೆಂಟ್ ಇದೆ, ಆದರೂ ತಿರುಗುತ್ತಿಲ್ಲ, ಹಾಗಾದರೆ ಕಂಪ್ರೆಸರ್ ಜಾಮ್, 16 ಸಾವಿರ ಆಗುತ್ತದೆ ಅಂದ. ಕೇಳಿದರೆ ಸರಿ ಅನ್ನಿಸುವ ಲೆಕ್ಕವೇ. ಸೊಸೆಗೆ ಮಾತ್ರ ಮನಸ್ಸು ಒಪ್ಪಲಿಲ್ಲ. ಅವರ ಮನೆಯ ವೈರಿಂಗ್ ಹಿಂದೊಮ್ಮೆ ನಾನು ನೋಡಿದ್ದೆ, ಅದಕ್ಕೆ ಫೋನ್ ಮಾಡಿದರು.

ಮೊದಲ ಒಂದು ಗಂಟೆ ನಾನೂ ಮೆಷಿನ್ ಹಿಂದೆಯೇ

ಹೋದದ್ದು ಮಧ್ಯಾಹ್ನ ಮೂರಕ್ಕೆ. ಎ.ಸಿ. ಸಾಕೆಟ್ಟಿನಲ್ಲಿ ಮೀಟರ್ ಇಟ್ಟೆ, 221 ವೋಲ್ಟ್. ಒಳ್ಳೆಯ ವೋಲ್ಟೇಜ್, ಕರೆಂಟಿನದೇನೂ ತೊಂದರೆ ಇಲ್ಲ ಅಂದುಕೊಂಡು ಮುಂದೆ ಹೋದೆ. ಆ ತೀರ್ಮಾನ ತಪ್ಪು. ಅದರ ಬೆಲೆ ಒಂದು ಗಂಟೆ.

ಮೇನ್ ತೆಗೆದು, ಕೆಪಾಸಿಟರ್ ಡಿಸ್‌ಚಾರ್ಜ್ ಮಾಡಿ, ಕಂಪ್ರೆಸರಿನ ಮೂರು ಪಿನ್ನುಗಳ ನಡುವಿನ ವೈಂಡಿಂಗ್ (ಮೋಟರಿನ ತಂತಿ ಸುತ್ತು) ಅಳೆದೆ. ಕಾಮನ್‌ನಿಂದ ರನ್‌ಗೆ 1.8 ಓಮ್, ಕಾಮನ್‌ನಿಂದ ಸ್ಟಾರ್ಟ್‌ಗೆ 3.1, ರನ್‌ನಿಂದ ಸ್ಟಾರ್ಟ್‌ಗೆ 4.9. ಮೊದಲೆರಡು ಕೂಡಿದರೆ ಮೂರನೆಯದು ಬರಬೇಕು, ಬಂತು. ಕಂಪ್ರೆಸರಿನ ಹೊರಮೈಗೆ ಎಲ್ಲೂ ಕರೆಂಟ್ ಸೋರಿಕೆ ಇಲ್ಲ. ವೈಂಡಿಂಗ್ ಚೆನ್ನಾಗಿದೆ. ಹಾಗಂತ ಒಳಗಿನ ಯಂತ್ರ ಜಾಮ್ ಆಗಿಲ್ಲ ಅಂತ ಇದರಿಂದ ಹೇಳಲಾಗದು. ಎರಡನೆಯ ಮೆಕ್ಯಾನಿಕ್ ಹೇಳಿದ್ದು ಸರಿ ಇರಲೂಬಹುದು.

ಅಷ್ಟರಲ್ಲಿ ಸೊಸೆ ಕಾಫಿ ತಂದರು. ಕಪ್ ಕೊಡುತ್ತಾ, "ಅಲ್ಲ ಅಣ್ಣ, ಒಂದೊಂದು ದಿನ ಬರುತ್ತದೆ, ಒಂದೊಂದು ದಿನ ಬರುವುದಿಲ್ಲ. ಜಾಮ್ ಆಗಿದ್ದರೆ ಯಾವತ್ತೂ ಬರಬಾರದು ಅಲ್ವಾ?" ಅಂದರು.

ನನಗೆ ಇದು ಗೊತ್ತೇ ಇರಲಿಲ್ಲ. ಎರಡು ರಾತ್ರಿ ಓಡಿದ್ದು ಮಾತ್ರ ಹೇಳಿದ್ದರು. "ಯಾವ ಯಾವ ದಿನ ಬಂತು ಅಕ್ಕ, ನೆನಪಿದೆಯಾ?" ಅಂತ ಕೇಳಿದೆ. ಅವರಿಗೆ ತಾರೀಕು ಗೊತ್ತಿಲ್ಲ. ಕೆಪಾಸಿಟರ್ ಹಾಕಿದ ಎರಡು ದಿನ, ಆಮೇಲೆ ಅಜ್ಜನ ತಂಗಿ ಬಂದಿದ್ದ ದಿನ, ಮತ್ತೆ ಕರೆಂಟ್ ಹೋಗಿದ್ದ ಒಂದು ರಾತ್ರಿ.

"ಕರೆಂಟ್ ಹೋಗಿದ್ದಾಗ ಎ.ಸಿ. ಹೇಗೆ ಓಡಿತು?"

"ಜನರೇಟರ್ ಹಾಕಿದ್ದೆವಲ್ಲ."

ಪುಸ್ತಕ

ಜಗಲಿಯ ತುದಿಯಲ್ಲಿ ಕೂತಿದ್ದ ರೈಟ್ರು ಈ ಮಾತು ಕೇಳಿ ಎದ್ದು ಹೋಗಿ ಒಂದು ಉದ್ದನೆಯ ಪುಸ್ತಕ ತಂದರು. ಕೊಡಗಿನ ತೋಟಗಳಲ್ಲಿ ಮಳೆ ಲೆಕ್ಕ ಬರೆದಿಡುವುದು ಹಳೆಯ ರೂಢಿ, ದಿನಾ ಬೆಳಿಗ್ಗೆ ಅಳತೆ ನೋಡಿ ಇಂಚು, ಸೆಂಟಿನಲ್ಲಿ ಬರೆಯುತ್ತಾರೆ. ಈ ಪುಸ್ತಕದಲ್ಲಿ ಎಡಗಡೆ ಮಳೆ, ಬಲಗಡೆ ಡೀಸೆಲ್ ಲೆಕ್ಕ, ಜನರೇಟರ್ ಎಷ್ಟು ಹೊತ್ತಿಗೆ ಹಾಕಿ ಎಷ್ಟು ಹೊತ್ತಿಗೆ ನಿಲ್ಲಿಸಿದರು ಅನ್ನುವುದು. ಪುಟದ ಅಂಚಿಗೆಲ್ಲ ಕಾಫಿ ಕಪ್ಪಿನ ಉಂಗುರ. ನೀಲಿ ಪೆನ್ನಿನ ಸಣ್ಣ ಅಕ್ಷರ.

ಮೂವರೂ ಕೂತು ನೋಡಿದೆವು. ಕೆಪಾಸಿಟರ್ ಹಾಕಿದ ದಿನದ ಸಾಲಿನಲ್ಲಿ 1 ಇಂಚು 20 ಸೆಂಟು. ಮರುದಿನ 35 ಸೆಂಟು. ಆ ವರ್ಷದ ಹೂ ಮಳೆ ಅದು. ಅಜ್ಜನ ತಂಗಿ ಬಂದ ದಿನವೂ ಮಳೆ. ಉಳಿದದ್ದು ಜನರೇಟರ್ ಓಡಿದ ರಾತ್ರಿ, ಏಳೂವರೆಯಿಂದ ಹನ್ನೊಂದರವರೆಗೆ ಅಂತ ಬರೆದಿತ್ತು. ಎ.ಸಿ. ಎದ್ದ ದಿನಗಳು ಇವಿಷ್ಟೇ.

ಮಳೆಗೂ ಎ.ಸಿ.ಗೂ ಏನು ಸಂಬಂಧ? ಕೊಡಗಿನವರಿಗೆ ಇದನ್ನು ವಿವರಿಸಬೇಕಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ರೊಬಸ್ಟಾಕ್ಕೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಬಿಡಿಸಲು ನೀರು ಬೇಕು. ಮಳೆ ಬಂದರೆ ಸರಿ, ಬರದಿದ್ದರೆ ಕೆರೆ, ಹೊಳೆಯಿಂದ ಸ್ಪ್ರಿಂಕ್ಲರ್ ಹೊಡೆಯಬೇಕು. ಕರೆಂಟ್ ಮೋಟರ್ ಇರುವವರೆಲ್ಲ ಒಂದೇ ಸಮಯಕ್ಕೆ ಹಾಕಿದರೆ ಆ ಟಿ.ಸಿ.ಯಲ್ಲಿರುವ (ಅದೇ ಟ್ರಾನ್ಸ್‌ಫಾರ್ಮರಿನ) ಮನೆಗಳ ವೋಲ್ಟೇಜ್ ಕೆಳಗೆ ಬೀಳುತ್ತದೆ. ಒಳ್ಳೆಯ ಹೂ ಮಳೆ ಬಿದ್ದ ದಿನ ಯಾರೂ ಪಂಪ್ ಹಾಕುವುದಿಲ್ಲ. ವೋಲ್ಟೇಜ್ ಮೇಲೆ ಬರುತ್ತದೆ.

ಅಂದರೆ ಕಂಪ್ರೆಸರಿಗೆ ಜಾಮ್ ಇಲ್ಲ. ಒಳ್ಳೆಯ ವೋಲ್ಟೇಜ್ ಸಿಕ್ಕಿದರೆ ಏಳುತ್ತದೆ, ಸಿಗದಿದ್ದರೆ ಏಳುವುದಿಲ್ಲ. ಮೋಟರ್ ಏಳುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ, 230ರ ಬದಲು 160 ಸಿಕ್ಕಿದರೆ ಬಲ ಮೂರನೇ ಒಂದು ಭಾಗ ಕಡಿಮೆಯಲ್ಲ, ಅರ್ಧಕ್ಕಿಂತ ಜಾಸ್ತಿ ಕಡಿಮೆ.

ಇಲ್ಲಿಗೆ ಬಿಟ್ಟು, ಲೈನ್ ವೋಲ್ಟೇಜ್ ಕಡಿಮೆ, ದೊಡ್ಡ ಸ್ಟೆಬಿಲೈಜರ್ ಹಾಕಿ ಅಂತ ಹೇಳಿ ಬರಬಹುದಿತ್ತು. ಆದರೆ ಒಂದು ವಿಷಯ ಹೊಂದಲಿಲ್ಲ. ಮಧ್ಯಾಹ್ನ ಮೂರಕ್ಕೆ 221 ಇದೆ. ಆಗಲೂ ನನ್ನ ಎದುರಿಗೇ ಎ.ಸಿ. ಎದ್ದಿರಲಿಲ್ಲ. 221ರಲ್ಲಿ ಎದ್ದೇ ಏಳಬೇಕು. ಹಾಗಾದರೆ ಮೀಟರ್ ತೋರಿಸುವ 221 ಎ.ಸಿ. ಏಳುವ ಹೊತ್ತಿಗೆ ಎಲ್ಲಿ ಹೋಗುತ್ತಿದೆ?

ಇಸ್ತ್ರಿ ಪೆಟ್ಟಿಗೆ

ಈ ಪರೀಕ್ಷೆ ಯಾರು ಬೇಕಾದರೂ ಅರ್ಥ ಮಾಡಿಕೊಳ್ಳಬಹುದು. ಮನೆಯ 1,000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ತರಿಸಿ ಎ.ಸಿ. ಸಾಕೆಟ್ಟಿಗೆ ಹಾಕಿದೆ. ಅದು ಬಿಸಿಯಾಗುತ್ತಿರುವಾಗ ಅದೇ ಜಾಗದಲ್ಲಿ ವೋಲ್ಟೇಜ್ ನೋಡಿದರೆ 208. ಬರೀ ನಾಲ್ಕು ಆಂಪಿಯರಿಗೆ 13 ವೋಲ್ಟ್ ಕಾಣೆ. ಖಾಲಿ ಇದ್ದಾಗಿನ ವೋಲ್ಟೇಜ್ ನೋಡಿ ಯಾವ ನಿರ್ಧಾರಕ್ಕೂ ಬರಬಾರದು, ನಾನು ಮೊದಲ ಗಂಟೆಯಲ್ಲಿ ಮಾಡಿದ ತಪ್ಪು ಅದೇ. ಪೈಪ್ ಕಟ್ಟಿಕೊಂಡಿದ್ದರೂ ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ, ನಲ್ಲಿ ತಿರುಗಿಸಿದಾಗಲೇ ಗೊತ್ತಾಗುವುದು.

ಇಸ್ತ್ರಿ ಪೆಟ್ಟಿಗೆ ಓಡುತ್ತಿದ್ದ ಹಾಗೆಯೇ ಕರೆಂಟ್ ಬರುವ ದಾರಿಯಲ್ಲಿ ಹಿಂದೆ ಹಿಂದೆ ಹೋದೆ. ಒಳಗಿನ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಕಟ್ ಆಗುವ ಸ್ವಿಚ್) ಬೋರ್ಡ್‌ನಲ್ಲಿ 209. ಚೇಂಜ್ ಓವರ್ ದಾಟಿದ ಮೇಲೆ 209. ಚೇಂಜ್ ಓವರಿಗೆ ಬರುವ ಕಡೆ 218. ಒಂದು ಸ್ವಿಚ್ಚಿನ ಒಳಗೆ ಒಂಬತ್ತು ವೋಲ್ಟ್.

ಖಚಿತ ಮಾಡಿಕೊಳ್ಳಲು ಫೇಸ್ ಒಳಬರುವ ಪಾಯಿಂಟಿಗೂ ಹೊರಹೋಗುವ ಪಾಯಿಂಟಿಗೂ ಮೀಟರಿನ ಎರಡು ಕಡ್ಡಿ ಇಟ್ಟೆ. ಸರಿಯಾಗಿ ಕೂಡಿದ ಸ್ವಿಚ್ಚಿನಲ್ಲಿ ಇಲ್ಲಿ ಸೊನ್ನೆಗೆ ಹತ್ತಿರ ಇರಬೇಕು. ಇಲ್ಲಿ ಒಂಬತ್ತು. ಒಂಬತ್ತು ವೋಲ್ಟ್, ನಾಲ್ಕು ಆಂಪಿಯರ್, ಅಂದರೆ 36 ವ್ಯಾಟ್ ಶಾಖ. ಒಂದು ಸೋಲ್ಡರಿಂಗ್ ಐರನ್ನನ್ನು ಆ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಹಚ್ಚಿಟ್ಟ ಹಾಗೆ. ಅದೂ ಬರೀ ಇಸ್ತ್ರಿಗೆ. ಗೀಸರ್ ಹಾಕಿದರೆ ಕರೆಂಟ್ ಎರಡರಷ್ಟು, ಶಾಖ ಸುಮಾರು ನಾಲ್ಕರಷ್ಟು.

ಜನರೇಟರಿನಲ್ಲಿ ಎ.ಸಿ. ಯಾಕೆ ಎದ್ದಿತು ಅನ್ನುವುದಕ್ಕೂ ಉತ್ತರ ಇಲ್ಲೇ. ಚೇಂಜ್ ಓವರಿನಲ್ಲಿ ಕರೆಂಟಿನ ಕಡೆಯ ಕಾಂಟ್ಯಾಕ್ಟ್ ಬೇರೆ, ಜನರೇಟರ್ ಕಡೆಯದು ಬೇರೆ. ಕೆಟ್ಟಿದ್ದು ಒಂದು ಕಡೆಯದು ಮಾತ್ರ.

ಆ ರಾತ್ರಿ

ಆಗ ಸಂಜೆ ಐದೂವರೆ. ಈ ಸ್ವಿಚ್ ಬಿಚ್ಚಬೇಕಾದರೆ ಅದರ ಹಿಂದಿನ ಲೈನ್ ಸತ್ತಿರಬೇಕು. ಹಿಂದೆ ಇರುವುದು ಮೀಟರ್, ಅದಕ್ಕೆ ಸೀಲ್ ಇದೆ, ಅದನ್ನು ಮುಟ್ಟುವ ಹಕ್ಕು ನನಗಿಲ್ಲ. ಲೈನ್‌ಮನ್ ಬಂದು ಕಂಬದಲ್ಲಿ ಕಳಚಬೇಕು. ಫೋನ್ ಮಾಡಿದೆವು, ನಾಳೆ ಬೆಳಿಗ್ಗೆ ಬರುತ್ತೇನೆ ಅಂದರು.

ಮೈಸೂರಿನಿಂದ ಮಗ ಫೋನಿನಲ್ಲಿ, "ಇಷ್ಟು ದಿನ ನಡೆದಿದೆ, ಒಂದು ರಾತ್ರಿ ಅಲ್ವಾ, ಹೇಗೋ ಟೈಟ್ ಮಾಡಿ ಕೊಡಿ" ಅಂದರು. ಅಪ್ಪನ ನಿದ್ದೆಯ ಚಿಂತೆ ಅವರಿಗೆ, ಅರ್ಥ ಆಗುತ್ತದೆ. ಜೀವಂತ ಲೈನಿನಲ್ಲಿ ಸ್ಕ್ರೂ ಬಿಗಿ ಮಾಡುವವರು ಇದ್ದಾರೆ, ನಾನೂ ಚಿಕ್ಕ ವಯಸ್ಸಿನಲ್ಲಿ ಮಾಡಿದ್ದೇನೆ. ಆದರೆ ಒಳಗೆ ಸುಟ್ಟು ಪುಡಿಯಾಗಿರುವ ಕಡೆ ಸ್ಕ್ರೂ ತಿರುಗಿಸಿದರೆ ವೈರ್ ಕಳಚಿ ಕೈಗೆ ಬರಬಹುದು, ಪಕ್ಕದ ನ್ಯೂಟ್ರಲ್‌ಗೆ ತಾಗಬಹುದು. ಆಗುವುದಿಲ್ಲ ಅಂದೆ. ಅಷ್ಟೇ ಅಲ್ಲ, ನಾಳೆಯವರೆಗೆ ಕರೆಂಟಿನಲ್ಲಿ ಗೀಸರ್, ಇಸ್ತ್ರಿ, ಎ.ಸಿ. ಯಾವುದೂ ಬೇಡ, ದೀಪ, ಫ್ಯಾನ್, ಫ್ರಿಜ್ ಮಾತ್ರ ಅಂತ ಹೇಳಿದೆ. ಆಮೇಲೆ ಯೋಚಿಸಿ ಫ್ರಿಜ್ಜೂ ಬೇಡ ಅಂದೆ.

ಅಜ್ಜನಿಗಾಗಿ ಒಂದು ದಾರಿ ಇತ್ತು. ಎಂಟು ಗಂಟೆಗೆ ಜನರೇಟರ್ ಹಾಕಿದೆವು, ಚೇಂಜ್ ಓವರ್ ಆ ಕಡೆ ತಿರುಗಿಸಿ, ಇಸ್ತ್ರಿ ಪೆಟ್ಟಿಗೆ ಹಾಕಿ ಆ ಕಾಂಟ್ಯಾಕ್ಟನ್ನೂ ಅಳೆದೆ, ಅರ್ಧ ವೋಲ್ಟ್ ಕೂಡ ಇಲ್ಲ. ಎ.ಸಿ. ಹಾಕಿದೆ. ಮೂರು ನಿಮಿಷ ಎಲ್ಲರೂ ಹೊರಗಿನ ಯೂನಿಟ್ ಹತ್ತಿರ ನಿಂತಿದ್ದೆವು. ಟಕ್ ಅಂತ ಒಂದು ಸದ್ದು, ಜನರೇಟರ್ ಒಂದು ಸಲ ಮುಲುಕಿತು, ಕಂಪ್ರೆಸರ್ ಎದ್ದಿತು. ಸೊಸೆ ಏನೂ ಮಾತಾಡಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಮೂರು ವಾರದಿಂದ ಅಜ್ಜನ ಪಕ್ಕ ರಾತ್ರಿಯೆಲ್ಲ ಬೀಸಣಿಗೆ ಹಿಡಿದು ಕೂತವರು ಅವರು.

ಮರುದಿನ

ಲೈನ್‌ಮನ್ ಹತ್ತು ಗಂಟೆಗೆ ಬಂದು ಲೈನ್ ಕಳಚಿದರು. ಟೆಸ್ಟರ್, ಮೀಟರ್ ಎರಡರಲ್ಲೂ ನೋಡಿ, ಜನರೇಟರಿನ ಬ್ಯಾಟರಿ ವೈರನ್ನೂ ತೆಗೆದು, ಚೇಂಜ್ ಓವರ್ ಬಿಚ್ಚಿದೆ.

ಮುಚ್ಚಳದ ಒಳಮೂಲೆಯಲ್ಲಿ ಕಣಜದ ಮಣ್ಣಿನ ಗೂಡು. ಮಳೆಗಾಲದ ಎರಚಲು ತಾಗಿ ಕೆಳಗಿನ ಸ್ಕ್ರೂಗಳಿಗೆ ಹಸಿರು ಬಂದಿತ್ತು. ಫೇಸಿನ ತಾಮ್ರದ ನಾಲಗೆ ನವಿಲುಗರಿಯ ಹಾಗೆ ನೀಲಿ, ನೇರಳೆ ಬಣ್ಣಕ್ಕೆ ತಿರುಗಿ ತುದಿ ತಿಂದುಹೋಗಿತ್ತು. ಅದನ್ನು ಹಿಡಿಯುವ ಸ್ಪ್ರಿಂಗ್ ಬಿಸಿಗೆ ಸತ್ತು ಸಡಿಲ. ಮೀಟರಿನಿಂದ ಬರುವ ಅಲ್ಯೂಮಿನಿಯಂ ವೈರಿನ ಕಪ್ಪು ಸಿಪ್ಪೆ ಬೆರಳು ತಾಗಿಸಿದರೆ ಸುಟ್ಟ ಹಪ್ಪಳದಂತೆ ಪುಡಿಯಾಯಿತು. ಹಿಂದಿನ ಹಲಗೆಯಲ್ಲಿ ಅಂಗೈ ಅಗಲದ ಕಂದು ಕಲೆ. ಲೈನ್‌ಮನ್ ಅದನ್ನು ನೋಡಿ, ಇನ್ನೊಂದು ಮಳೆಗಾಲ ತಡೆಯುತ್ತಿರಲಿಲ್ಲ ಅಂದರು.

ಕಾರಣ ಒಂದೇ ಅಲ್ಲ. ಅಲ್ಯೂಮಿನಿಯಂ ವೈರನ್ನು ಹಿತ್ತಾಳೆಯ ಪಾಯಿಂಟಿಗೆ ನೇರ ಸಿಕ್ಕಿಸಿದ್ದರು. ಅಲ್ಯೂಮಿನಿಯಂ ಮೇಲೆ ಬೇಗ ಪೊರೆ ಕಟ್ಟುತ್ತದೆ, ಬಿಸಿ ತಂಪಿಗೆ ಹಿಗ್ಗಿ ಕುಗ್ಗಿ ಸ್ಕ್ರೂ ಹಿಡಿತ ಸಡಿಲಾಗುತ್ತದೆ. ಅದರ ಮೇಲೆ ಜಗಲಿಯ ತೇವ. ಅದರ ಮೇಲೆ ಮನೆಯ ಲೋಡ್ ತೆಗೆಯದೆ ಹಿಡಿ ತಿರುಗಿಸುವ ಅಭ್ಯಾಸ. ಗೀಸರ್, ಫ್ರಿಜ್ ಓಡುತ್ತಿರುವಾಗ ತಿರುಗಿಸಿದರೆ ಪ್ರತಿ ಸಲ ಒಳಗೆ ಕಿಡಿ ಹಾರುತ್ತದೆ, ನಾಲಗೆ ಸ್ವಲ್ಪ ಸ್ವಲ್ಪ ಸುಡುತ್ತದೆ.

ಸುಟ್ಟ ವೈರನ್ನು ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ, ತಾಮ್ರ ಅಲ್ಯೂಮಿನಿಯಂ ಎರಡಕ್ಕೂ ಹೊಂದುವ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಹಾಕಿ ಒತ್ತಿದೆ. ಹೊಸ 63 ಆಂಪಿಯರ್ ಎರಡು ಪೋಲಿನ ಚೇಂಜ್ ಓವರ್, ಎರಚಲು ತಾಗದ ಒಳಗೋಡೆಗೆ. ಸಾಮಾನು, ಕೂಲಿ ಸೇರಿ ಕಂಪ್ರೆಸರಿಗೆ ಕೇಳಿದ್ದರ ಮೂರನೇ ಒಂದು ಭಾಗವೂ ಆಗಲಿಲ್ಲ. ಲೈನ್ ಬಂದ ಮೇಲೆ ಮತ್ತೆ ಇಸ್ತ್ರಿ ಪೆಟ್ಟಿಗೆ. ಸ್ವಿಚ್ಚಿನ ಎರಡು ಪಾಯಿಂಟ್ ನಡುವೆ 0.1 ವೋಲ್ಟ್. ಎ.ಸಿ. ಮೊದಲ ಸಲಕ್ಕೇ ಎದ್ದಿತು, ಓಡುವಾಗ ಕ್ಲ್ಯಾಂಪ್ ಮೀಟರಿನಲ್ಲಿ 6.8 ಆಂಪಿಯರ್. ಆದರೂ ನಾನು ಸಂಜೆವರೆಗೆ ಹೋಗಲಿಲ್ಲ. ಪಂಪ್‌ಗಳು ಶುರುವಾದ ಮೇಲೆ ನೋಡಬೇಕಿತ್ತು. ಏಳು ಗಂಟೆಗೆ ಲೈನ್ 203ಕ್ಕೆ ಬಂತು. ಎ.ಸಿ. ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಎದ್ದಿತು.

ಮೊದಲ ಮೆಕ್ಯಾನಿಕ್‌ಗೆ ಆಮೇಲೆ ಫೋನ್ ಮಾಡಿ ಎಲ್ಲ ಹೇಳಿದೆ. ಆತ ಬದಲಿಸಿದ ಕೆಪಾಸಿಟರ್ ನಿಜವಾಗಿಯೂ ದುರ್ಬಲ ಆಗಿತ್ತು, ಕೆಲಸ ತಪ್ಪಲ್ಲ. ಅದೇ ದಿನ ಮಳೆ ಬಿದ್ದದ್ದರಿಂದ ಅದೊಂದೇ ಕಾರಣ ಅಂತ ಎಲ್ಲರೂ ನಂಬಿಬಿಟ್ಟರು. ಒಂದು ಭಾಗ ಬದಲಿಸಿದ ಕೂಡಲೆ ಸರಿಹೋದರೆ ನಾವ್ಯಾರೂ ಮುಂದೆ ಹುಡುಕುವುದಿಲ್ಲ. ಈಗ ನಾನು ಕೆಪಾಸಿಟರ್ ಬದಲಿಸಿದ ಮನೆಗಳಲ್ಲೆಲ್ಲ ಹೊರಡುವ ಮೊದಲು ಇಸ್ತ್ರಿ ಪೆಟ್ಟಿಗೆ ಕೇಳುತ್ತೇನೆ. ಫೋನ್ ಬಂದ ತಕ್ಷಣ ಕೇಳುವ ಮೊದಲ ಪ್ರಶ್ನೆಯೂ ಬದಲಾಗಿದೆ, ಯಾವಾಗಿನಿಂದ ಕೆಟ್ಟಿದೆ ಅಂತ ಅಲ್ಲ, ಕೊನೆಯ ಸಲ ಯಾವಾಗ ಎದ್ದಿತ್ತು, ಆ ಹೊತ್ತಿಗೆ ಮನೆಯಲ್ಲಿ, ಊರಿನಲ್ಲಿ ಏನು ನಡೆಯುತ್ತಿತ್ತು ಅಂತ.

ಮೇ ತಿಂಗಳಲ್ಲಿ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋದಾಗ ಒಳಗೆ ಹೋಗಿ ನೋಡಿದೆ. ರೈಟ್ರು ಪುಸ್ತಕದಲ್ಲಿ ಮಳೆ, ಡೀಸೆಲ್ ನಡುವೆ ಸ್ಕೇಲ್ ಇಟ್ಟು ಮೂರನೆಯ ಗೆರೆ ಎಳೆದಿದ್ದರು. ದಿನಾ ರಾತ್ರಿ ಎಂಟಕ್ಕೆ ಸ್ಟೆಬಿಲೈಜರ್ ತೋರಿಸುವ ಅಂಕಿ. ಅತಿ ಕಡಿಮೆ ಇದ್ದದ್ದು ಏಪ್ರಿಲ್‌ನ ಒಂದು ರಾತ್ರಿ, 198. ಅದರ ಪಕ್ಕ ಸೊಸೆಯ ಕೈಬರಹದಲ್ಲಿ, ಎ.ಸಿ. ಬಂತು, ಅಜ್ಜ ಮಲಗಿದರು.